ಪತ್ರಿಕಾ ಛಾಯಾಚಿತ್ರದ ಪ್ರಾಮಾಣ್ಯ

ವೃತ್ತಪತ್ರಿಕೆಯಲ್ಲಿ ಅಚ್ಚಾದ ಛಾಯಾಚಿತ್ರವನ್ನು ವಾಚಕರು ಪ್ರತ್ಯಕ್ಷಪ್ರಮಾಣವೆಂದು ಎಣಿಸುವುದು ವಾಡಿಕೆ. ವರದಿಗಾರನ ಮಾತಿಗೆ ಸಾಕ್ಷ್ಯವನ್ನು ಕೇಳುವವರೂ ಚಿತ್ರದ ಮುಂದೆ ಸುಮ್ಮನಾಗುವರು. ಆದರೆ ಆ ಚಿತ್ರಕ್ಕೆ ದೊಡ್ಡ ಪಾರಿತೋಷಕವೊಂದು ಬಂದಿತೆಂದರೆ ಅದೇ ವಾಚಕರಲ್ಲಿ ಸಂಶಯವು ತಲೆದೋರುವುದು: ಇದು ಕಂಡದ್ದೋ, ಕಟ್ಟಿದ್ದೋ? ಈ ವೈಚಿತ್ರ್ಯದ ಕಾರಣವು ವಿಚಾರಾರ್ಹವಾದುದು.

1948ರಲ್ಲಿ ಬೆಂಗಳೂರಿನ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಸೇರಿ, ಮುಂದೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬಿನ ನಿರ್ಮೂಲನವನ್ನು ಚಿತ್ರಿಸಿ, 1977ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ತಮ್ಮ ಕನ್ನಡ ಆತ್ಮವೃತ್ತಾಂತಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಹೆಸರು ಸೊಗಸಾಗಿದೆ, ಆದರೆ ಉಪಮಾನವು ಪೂರ್ತಿಯಾಗಿ ಒಗ್ಗದು. ಕನ್ನಡಿಗೆ ಇಚ್ಛೆಯಿಲ್ಲ, ಅದು ಎದುರಿಗೆ ಬಂದುದನ್ನೆಲ್ಲ ತೋರಿಸಿ ಯಾವುದನ್ನೂ ಉಳಿಸಿಕೊಳ್ಳದು. ಛಾಯಾಗ್ರಾಹಕನಾದರೋ ನಿಲ್ಲುವ ಎಡೆಯನ್ನು, ಕ್ಷಣವನ್ನು, ಚೌಕಟ್ಟನ್ನು ತಾನೇ ಆರಿಸುವನು. ಸತ್ಯನ್ ಅವರ ಹಿರಿಮೆಯೂ ಈ ಆಯ್ಕೆಯಲ್ಲಿಯೇ ಇರುವುದಲ್ಲದೆ ಕನ್ನಡಿತನದಲ್ಲಲ್ಲ.

ಆದುದರಿಂದ ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಪತ್ರಿಕಾಚಿತ್ರವು ಪ್ರತ್ಯಕ್ಷಕ್ಕಿಂತ ಶಬ್ದಪ್ರಮಾಣಕ್ಕೆ ಹೆಚ್ಚು ಸಮೀಪವಾದುದು. ಆಪ್ತನ ಮಾತಿನಂತೆ, ತಂದವನ ಆಪ್ತತೆಯ ಮೇಲೆ ನಿಲ್ಲತಕ್ಕದ್ದು. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆಯು ಜೊವಾನಿ ತ್ರೋಯ್ಲೊ ಎಂಬಾತನ ಚಿತ್ರಮಾಲೆಗೆ ಕೊಟ್ಟಿದ್ದ ಬಹುಮಾನವನ್ನು ಹಿಂದೆಗೆದುಕೊಂಡಿತು. ಬೆಲ್ಜಿಯಂ ದೇಶದ ಶಾರ್ಲರ್ವಾ ಪಟ್ಟಣದ್ದೆಂದು ಹೇಳಿದ್ದ ಒಂದು ಚಿತ್ರವನ್ನು ತೆಗೆದದ್ದು ಬ್ರಸೆಲ್ಸ್ ನಗರದ ಮೋಲನ್‌ಬೇಕ್‌ನಲ್ಲಿ. ಚಿತ್ರವನ್ನು ಕೆಡಿಸಿದ್ದು ಅಡಿಬರಹದಲ್ಲಿದ್ದ ಒಂದು ಊರಿನ ಹೆಸರು!

ಪಾರಿತೋಷಕವು ಚಿತ್ರವನ್ನು ಆ ದಿನದ ಪುಟದಿಂದ, ಸುದ್ದಿಯಿಂದ, ಸಂಪಾದಕನ ಹೊಣೆಯಿಂದ ಬಿಡಿಸಿ ಗೋಡೆಯ ಮೇಲೆ ತೂಗುಹಾಕುವುದು. ತೀರ್ಪುಗಾರರು ನೋಡುವುದು ಬಹುಮಟ್ಟಿಗೆ ರೂಪವನ್ನು. ವಾಚಕರು ಕೇಳುವುದು ವಸ್ತುವನ್ನು. ಮೇಲಾಗಿ, ಅನ್ಯರ ದುಃಖದಿಂದ ಒಬ್ಬನಿಗೆ ಲಾಭವಾಯಿತೆಂಬ ಕಸಿವಿಸಿಯೂ ಉಂಟು. ಮೈಸೂರು ಸಂಸ್ಥಾನದಲ್ಲಿ 1908ರ ವೃತ್ತಪತ್ರಿಕಾ ಶಾಸನವು ಬಂದಾಗ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಲ್ಲಿ ಮಾತಿಗೆ ತೂಕ ಬಂದುದು ನಷ್ಟದಿಂದ. ಬಸವನಗುಡಿಯ ಡಿ. ವಿ. ಗುಂಡಪ್ಪನವರು 1913ರಲ್ಲಿ ‘ಕರ್ನಾಟಕ’ವನ್ನು ಹೊರಡಿಸಿದಾಗ ಸಂಪಾದಕನ ಹೆಸರೇ ಸುದ್ದಿಗೆ ಜಾಮೀನು. ಬಹುಮಾನಿತ ಚಿತ್ರಕ್ಕೆ ಅಂತಹ ಜಾಮೀನು ಯಾರದು?

ಆದರೆ ಸಂಶಯವೂ ಪರೀಕ್ಷೆಗೆ ಒಳಪಡತಕ್ಕದ್ದೇ. 1945ರಲ್ಲಿ ಇವೋ ಜೀಮಾ ದ್ವೀಪದಲ್ಲಿ ಧ್ವಜವೇರಿಸುವ ಸೈನಿಕರನ್ನು ಚಿತ್ರಿಸಿ ಪುಲಿಟ್ಜರ್ ಪಡೆದ ಜೋ ರೋಸೆಂತಾಲ್ ಅದನ್ನು ಹೇಳಿ ಕಟ್ಟಿಸಿದನೆಂಬ ಅಪವಾದವು ಬಹುಕಾಲ ಅವನ ಬೆನ್ನುಹತ್ತಿತು. ಅದೇ ಕ್ಷಣದ ಚಲಚ್ಚಿತ್ರವು ಅದನ್ನು ಸುಳ್ಳೆಂದು ತೋರಿಸಿದರೂ ಬಿಡಲಿಲ್ಲ. ವಿಯೆಟ್ನಾಮಿನ ತ್ರಾಂಗ್ ಬಾಂಗ್‌ನಲ್ಲಿ 1972ರಲ್ಲಿ ಸುಟ್ಟ ಮೈಯಿಂದ ಓಡಿಬಂದ ಬಾಲಕಿಯ ಚಿತ್ರದ ಕರ್ತೃತ್ವವನ್ನು ಅದೇ ವರ್ಲ್ಡ್ ಪ್ರೆಸ್ ಫೋಟೋ 2025ರಲ್ಲಿ ತಡೆಹಿಡಿಯಿತು. ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯು ನಿಕ್ ಊಟ್ ಎಂಬ ಹೆಸರನ್ನೇ ಉಳಿಸಿಕೊಂಡಿತು. ತೆಗೆದವನಾರೆಂಬ ಈ ವಾದದಲ್ಲಿ ಬಾಲಕಿಯ ಸುಟ್ಟ ಗಾಯಗಳನ್ನು ಯಾವ ಪಕ್ಷವೂ ಅಲ್ಲಗಳೆಯಲಿಲ್ಲ.