ಸುಖಾಂತ ಒಲ್ಲದ ಸೀಮೆಯ ಕತೆಗಳು

ಮೊಹರಂ ದಿನಗಳಲ್ಲಿ ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದು ಕಮಲಾಪುರದ ಆಜುಬಾಜಿನ ಹಳ್ಳಿಯೊಂದರಲ್ಲಿ ರಾತ್ರಿ ಉಳಿದರೆ ರಿವಾಯತ್ ಪದ ಕೇಳಬಹುದು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಮುಸ್ಲಿಮರಷ್ಟೇ ಇರುವುದಿಲ್ಲ; ಊರಿನ ಎಲ್ಲ ಜಾತಿಯವರೂ ಇರುತ್ತಾರೆ. ಹಾಡು ಈ ಕಡೆಯ ಕನ್ನಡದ್ದು, ಕತೆ ಕರ್ಬಲಾದ್ದು. ನೀರಿಗಾಗಿ ಒದ್ದಾಡುವ ಮಕ್ಕಳು, ಒಬ್ಬೊಬ್ಬರಾಗಿ ಉರುಳುವ ಬಂಧುಗಳು, ಕಡೆಗೆ ಹುಸೇನರ ಸಾವು. ಕೊನೆ ಏನೆಂದು ಕೂತವರಿಗೆಲ್ಲ ಗೊತ್ತು, ಹೋದ ವರ್ಷವೂ ಕೇಳಿದ್ದಾರೆ. ಆದರೂ ನಡುವೆ ಯಾರೂ ಎದ್ದುಹೋಗುವುದಿಲ್ಲ. ಮುಗಿದ ಮೇಲೆ ಹೆಣ್ಣುಮಕ್ಕಳ ಬಾಯಲ್ಲಿ ಬರುವುದು ಒಂದೇ ಮಾತು: ‘ಹಿಂಗ ಆಗಬಾರದಿತ್ತು’.

ನನ್ನ ವಾದವೆಲ್ಲ ಈ ಮಾತಿನ ಮೇಲೆಯೇ ನಿಂತಿದೆ. ಕತ್ತಲ ಕತೆಯನ್ನು, ನೆಮ್ಮದಿ ಕೆಡಿಸುವ ಕಾದಂಬರಿಯನ್ನು ಜನ ಯಾಕೆ ಓದುತ್ತಾರೆ ಎಂದು ಕೇಳಿದರೆ ಪಂಡಿತರ ಬಳಿ ಸಿದ್ಧ ಉತ್ತರಗಳಿವೆ. ಅರಿಸ್ಟಾಟಲನ ಪ್ರಕಾರ ಭಯ, ಕರುಣೆಗಳು ಉಕ್ಕಿ ಹರಿದು ಮನಸ್ಸು ತಿಳಿಯಾಗುತ್ತದೆ. ನಮ್ಮ ಆಲಂಕಾರಿಕರ ಪ್ರಕಾರ ಲೋಕದ ಶೋಕ ಕಾವ್ಯದಲ್ಲಿ ಕರುಣರಸವಾಗಿ ಆನಂದವನ್ನೇ ಕೊಡುತ್ತದೆ, ತೀ.ನಂ.ಶ್ರೀ. ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಈ ಚರ್ಚೆಯನ್ನು ಸೊಗಸಾಗಿ ಬಿಡಿಸಿಟ್ಟಿದ್ದಾರೆ. ಎರಡೂ ಉತ್ತರಗಳು ಕೊನೆಗೆ ಓದುಗನನ್ನು ಸಮಾಧಾನಪಡಿಸಿ ಮನೆಗೆ ಕಳಿಸುತ್ತವೆ. ‘ಹಿಂಗ ಆಗಬಾರದಿತ್ತು’ ಎನ್ನುವವಳಿಗೆ ಸಮಾಧಾನವಾಗಿಲ್ಲ. ಆಕೆಯ ತಕರಾರು ಉಳಿದಿದೆ, ಮುಂದಿನ ವರ್ಷವೂ ಉಳಿಯುತ್ತದೆ. ಸುಖಾಂತವೆಂದರೆ ರಾಜಿ ಮಾಡಿಸಿ ಫಿರ್ಯಾದಿಯನ್ನು ವಾಪಸು ತೆಗೆಸಿದ ಹಾಗೆ. ಕಲಬುರಗಿ ಸೀಮೆಯ ಒಳ್ಳೆಯ ಗದ್ಯ ಆ ರಾಜಿಗೆ ಒಪ್ಪಿಲ್ಲ. ಅದರ ಬೆಲೆ ಇರುವುದೂ ಅಲ್ಲೇ, ಅದು ಎಡವುವುದೂ ಅಲ್ಲೇ.

1928ರಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷತೆ ವಹಿಸಿದವರು ಬಿ.ಎಂ.ಶ್ರೀ. ಗ್ರೀಕರ ದುರಂತ ನಾಟಕದ ದೃಷ್ಟಿಯನ್ನು ಕನ್ನಡಕ್ಕೆ ಹಟ ಹಿಡಿದು ತಂದವರು ಅವರೇ. ‘ಗದಾಯುದ್ಧ ನಾಟಕಂ’ ಅದಕ್ಕೆ ಎರಡು ವರ್ಷ ಮೊದಲು ಬಂದಿತ್ತು. ಸೊಫೋಕ್ಲಿಸನ ಅಜಾಕ್ಸನನ್ನು ಬೆನ್ನಿಗಿಟ್ಟುಕೊಂಡ ‘ಅಶ್ವತ್ಥಾಮನ್’ ಮರುವರ್ಷ ಬಂತು. ಆಗ ಕಲಬುರಗಿ ನಿಜಾಮನ ಆಳ್ವಿಕೆಯಲ್ಲಿತ್ತು, ಕಚೇರಿಯಲ್ಲೂ ಶಾಲೆಯಲ್ಲೂ ಉರ್ದುವಿನದೇ ಕಾರುಬಾರು. ಮೈಸೂರು, ಧಾರವಾಡಗಳಲ್ಲಿ ನವೋದಯದ ಲೇಖಕರು ಮನೆ, ದಾಂಪತ್ಯ, ಹಳ್ಳಿಯ ಚೆಲುವುಗಳನ್ನು ಬರೆಯುತ್ತಿದ್ದ ಕಾಲದಲ್ಲಿ ಇಲ್ಲಿ ಕನ್ನಡ ಓದುಬರಹವೇ ದುಬಾರಿಯಾಗಿತ್ತು. 1948ರಲ್ಲಿ ರಜಾಕಾರರ ಹಾವಳಿ ಮುಗಿಯಿತು, 1956ರಲ್ಲಿ ಏಕೀಕರಣವಾಯಿತು. ಕಾದಂಬರಿ ಇಲ್ಲಿ ಬೇರೂರಿದ್ದು ಆಮೇಲೆ. ಅಷ್ಟು ಹೊತ್ತಿಗೆ ಬರೆಯಲು ಕೈಗೆ ಸಿಕ್ಕಿದ್ದು ಬರ, ಜೀತ, ಗೌಡಕಿ, ಜೋಗತಿ ಪದ್ಧತಿ. ಸುಖೀ ಗೃಹಸ್ಥನ ಕಾದಂಬರಿ ಎಂಬ ಹಂತವನ್ನು ಈ ಸೀಮೆ ಕಾಣಲೇ ಇಲ್ಲ ಎಂದರೆ ಉತ್ಪ್ರೇಕ್ಷೆಯಾಗದು.

ಗೀತಾ ನಾಗಭೂಷಣ ಈ ನೆಲದ ದೊಡ್ಡ ಹೆಸರು. 1942ರಲ್ಲಿ ಸಾವಳಗಿಯಲ್ಲಿ ಹುಟ್ಟಿದವರು, ತಂದೆ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಕೂಲಿಕಾರ. ಮಿಲ್ಲಿನ ಭೋಂಗಾ ಕೇಳಿ ಎದ್ದು ಕೆಲಸಕ್ಕೆ ಹೋಗುವ ಜನರ ನಡುವೆ ಬೆಳೆದವರಿಗೆ ಬಡತನದ ಬಗ್ಗೆ ಬೇರೆಯವರಿಂದ ಕೇಳಿ ಬರೆಯುವ ಅಗತ್ಯವಿರಲಿಲ್ಲ. 1960ರ ದಶಕದ ಕೊನೆಯಿಂದ ಕಾದಂಬರಿ ಬರೆಯುತ್ತ ಬಂದರು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. 2020ರ ಜೂನಿನಲ್ಲಿ ಕಲಬುರಗಿಯಲ್ಲೇ ತೀರಿಕೊಂಡರು.

ಅವರನ್ನು ಹೊಗಳುವವರು ಸಾಮಾನ್ಯವಾಗಿ ಅವರ ಧೈರ್ಯವನ್ನು ಹೊಗಳುತ್ತಾರೆ. ಧೈರ್ಯ ಇತ್ತು, ನಿಜ. ಆದರೆ ಧೈರ್ಯವೊಂದರಿಂದಲೇ ಕಾದಂಬರಿ ಗೆಲ್ಲುವುದಿಲ್ಲ. ‘ಹೆಣ್ಣಿನ ಕೂಗು’ ಸಿನಿಮಾಕ್ಕೆ ಮೂಲವಾದ ‘ಹಸಿಮಾಂಸ ಮತ್ತು ಹದ್ದುಗಳು’ ನೋಡಿ. ಹೆಸರಿನಲ್ಲೇ ತೀರ್ಪು ಕೊಟ್ಟಾಗಿದೆ: ಯಾರು ಮಾಂಸ, ಯಾರು ಹದ್ದು ಎಂದು ಓದುವ ಮೊದಲೇ ಗೊತ್ತು. ಓದುಗ ಸಿಟ್ಟಾಗುತ್ತಾನೆ, ಕಣ್ಣೀರನ್ನೂ ಹಾಕುತ್ತಾನೆ. ಕೇಡನ್ನು ಮಾತ್ರ ಹದ್ದಿಗೆ ವಹಿಸಿ ತಾನು ಬಚಾವಾಗುತ್ತಾನೆ. ನಾನು ಹದ್ದಲ್ಲವಲ್ಲ ಎಂಬ ನೆಮ್ಮದಿಯೂ ಒಂದು ಬಗೆಯ ಸುಖಾಂತವೇ. ಈ ಪರಂಪರೆಯ ಮುಖ್ಯ ದೋಷ ಇದು. ದುಷ್ಟ ಗೌಡ, ಅಸಹಾಯಕ ಹೆಣ್ಣು, ಬಾವಿ ಅಥವಾ ಹಗ್ಗ ಎಂಬ ಮೂರರ ಲೆಕ್ಕ ಪಾಠವಾದ ಮೇಲೆ ಕೊನೆಯ ಪುಟದ ಸಾವು, ಕೊನೆಯ ಪುಟದ ಮದುವೆಯಷ್ಟೇ ಸಲೀಸಾಗುತ್ತದೆ. ಗೀತಾ ಅವರ ನಂತರ ಬಂದ ಎಷ್ಟೋ ಕತೆಗಳಲ್ಲಿ ಹೆಣ್ಣು ಸತ್ತದ್ದು ಕತೆಗಾರನಿಗೆ ಮುಂದೆ ಏನು ಬರೆಯಬೇಕೆಂದು ತೋಚದೆ.

‘ಬದುಕು’ ಈ ಲೆಕ್ಕದಿಂದ ಹೊರಗೆ ಬರುತ್ತದೆ. ಕೆಳಜಾತಿಯ ಕೇರಿಯ ಹಲವು ಮನೆಗಳ ಸಂಸಾರ ಅದರಲ್ಲಿದೆ; ಜಾತ್ರೆ, ಹರಕೆ, ಕುಡಿತ, ಜಗಳ, ಬೈಗುಳ, ಹಾಡು ಎಲ್ಲ ಒಂದರ ಮೇಲೊಂದು ಬಿದ್ದಿವೆ. ಒಬ್ಬ ಖಳನ ತಲೆಗೆ ಎಲ್ಲವನ್ನೂ ಕಟ್ಟಿ ಪಾರಾಗುವಂತಿಲ್ಲ. ತುಳಿಸಿಕೊಂಡ ಗಂಡಸು ಮನೆಗೆ ಬಂದು ಹೆಂಡತಿಯನ್ನು ತುಳಿಯುತ್ತಾನೆ, ದೇವರ ಹೆಸರಿನಲ್ಲಿ ಮಗಳನ್ನು ಬಿಡುವ ಪದ್ಧತಿಗೆ ಮನೆಯವರೇ ತಲೆಬಾಗುತ್ತಾರೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾಯಿದೆ ಮಾಡಿತು. ಆದರೆ ಕಾಯಿದೆ ಅಪರಾಧಿಯನ್ನು ಹುಡುಕುತ್ತದೆ. ಪ್ರೀತಿಯಿಂದ ಸಾಕಿದ ತಾಯಿಯೇ ಯಾಕೆ ಒಪ್ಪಿದಳು ಎಂದು ಕೇಳುವುದು ಕಾದಂಬರಿಯ ಕೆಲಸ.

ಇನ್ನೊಂದು ಸಂಗತಿ ಭಾಷೆಯದು. ಕಲಬುರಗಿ ಕನ್ನಡದಲ್ಲಿ ಸಂಕಟ ಹೇಳುವಾಗಲೂ ಚಾಷ್ಟಿ ಬಿಡುವುದಿಲ್ಲ. ಹೆಣದ ಮುಂದೆ ಹಾಡಿಕೊಂಡು ಅಳುವವರೂ ಸತ್ತವನ ಜಿಪುಣತನವನ್ನು ಎತ್ತಿ ಆಡುತ್ತಾರೆ, ಸುತ್ತ ಕೂತವರು ಸೆರಗು ಬಾಯಿಗಿಟ್ಟು ನಗುತ್ತಾರೆ. ಇದೇ ಊರಿನಲ್ಲಿ ಬಾಳಿದ ದಖನಿ ಕವಿ ಸುಲೇಮಾನ್ ಖತೀಬ್ ನಗಿಸುತ್ತ ನಗಿಸುತ್ತಲೇ ವರದಕ್ಷಿಣೆಯ ಉರಿಗೆ ಕೇಳುಗರನ್ನು ತಂದು ನಿಲ್ಲಿಸುತ್ತಿದ್ದರು. ‘ಬದುಕು’ವಿನಲ್ಲಿ ಆ ನಗೆ ಇದೆ, ಆದ್ದರಿಂದಲೇ ಅದರ ಕತ್ತಲು ನಂಬಿಸುತ್ತದೆ. ಬರೀ ಗೋಳಾದರೆ ಓದುಗ ಹತ್ತು ಪುಟಕ್ಕೆ ಮರಗಟ್ಟುತ್ತಾನೆ.

ಚೆನ್ನಣ್ಣ ವಾಲೀಕಾರರದು ಬೇರೆ ಜಾಡು. ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯವರು, ಬಂಡಾಯದ ಗಟ್ಟಿ ದನಿ. ಅವರ ಗದ್ಯಕ್ಕೆ ಕರುಣೆ ಬೇಡ, ಸಿಟ್ಟು ಬೇಕು. ಕೆಲವೊಮ್ಮೆ ಆ ಸಿಟ್ಟು ಪಾತ್ರದ್ದೋ ಲೇಖಕರದ್ದೋ ತಿಳಿಯದಷ್ಟು ದೊಡ್ಡದಾಗಿ ಕತೆಯೇ ಮುಳುಗುತ್ತದೆ. ಹಾಗಿದ್ದರೂ ಅವರು ಓದುಗನಿಂದ ಮರುಕವನ್ನು ಬೇಡಲಿಲ್ಲ. ಆ ಹಮ್ಮನ್ನು ನಾನು ಮೆಚ್ಚುತ್ತೇನೆ.

ಇಷ್ಟಾದ ಮೇಲೆ ಒಂದು ಒರಟು ಪ್ರಶ್ನೆ ಉಳಿಯುತ್ತದೆ. ಈ ಕತೆಗಳನ್ನು ಓದುವವರು ಯಾರು? ಬಹುಪಾಲು ಪಗಾರದ ನೌಕರಿಯವರು, ಪಠ್ಯವಾಗಿ ಓದುವ ವಿದ್ಯಾರ್ಥಿಗಳು. ಬೇರೆಯವರ ನೋವನ್ನು ಮನೆಯಲ್ಲಿ ಕೂತು ಸವಿಯುವುದು ಸರಿಯೇ ಎಂದು ಕೇಳುವವರಿದ್ದಾರೆ, ಕೇಳಬೇಕು ಕೂಡ. ಆದರೆ ದುರಂತ ಬರೀ ಓದುಬಲ್ಲವರ ಚಟ ಎನ್ನುವುದನ್ನು ನಾನು ಒಪ್ಪಲಾರೆ. ಪುಟ್ಟಣ್ಣನವರ ಸಿನಿಮಾ ‘ಶರಪಂಜರ’ (1971) ಗುಣವಾಗಿ ಬಂದ ಕಾವೇರಿಯನ್ನು ಮತ್ತೆ ಹುಚ್ಚಿಗೆ ನೂಕಿ ಮುಗಿಯುತ್ತದೆ, ಮರುವರ್ಷದ ‘ನಾಗರಹಾವು’ ಸಾವಿನಲ್ಲಿ ಮುಗಿಯುತ್ತದೆ. ಎರಡಕ್ಕೂ ಜನ ಮುಗಿಬಿದ್ದರು. ಇಲ್ಲಿಯ ರಿವಾಯತ್ ಕೇಳುಗರಂತೂ ಯಾವ ವಿಮರ್ಶಕನ ಅಪ್ಪಣೆಗೂ ಕಾದಿಲ್ಲ. 1933ರ ಕಾದಂಬರಿಯಲ್ಲಿ ಕಾರಂತರು ಚೋಮನಿಗೆ ಒಂದು ತುಂಡು ನೆಲ ಕೊಡಿಸಿದ್ದರೆ ಓದುಗ ಖುಷಿಯಾಗಿ ಪುಸ್ತಕ ಮುಚ್ಚುತ್ತಿದ್ದ. ಕೊಡಿಸದೆ ಸಾಯಿಸಿದ್ದಕ್ಕೆ ಇಂದಿಗೂ ನೆಲದ ಮಾತು ಬಂದಾಗ ಚೋಮನ ಹೆಸರು ಬರುತ್ತದೆ.

ಈಗಿನ ಕತ್ತಲು ಬೇರೆ ಕಡೆಯಿಂದಲೂ ಬರುತ್ತಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಹಸಿವಿಲ್ಲ, ಗೌಡನಿಲ್ಲ, ದುಡ್ಡು ಬಂದ ಮನೆಯೊಂದು ಏನು ಮಾಡಿರಬಹುದು ಎಂಬ ಅನುಮಾನವಷ್ಟೇ ಇದೆ. ಎಂ.ಎಸ್.ಕೆ. ಮಿಲ್ಲು ಮುಚ್ಚಿ ಬಹಳ ಕಾಲವಾಯಿತು, ಕಲಬುರಗಿಯ ಸುತ್ತ ಹೊಲ ಹೋಗಿ ಲೇಔಟುಗಳಾಗಿವೆ. ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಅದಕ್ಕೆ ಹೆಸರು ತಂದ ಕೆಂಪು ಬಾಳೆಯ ತೋಟದ ಮನೆಯ ಹುಡುಗರು ಪುಣೆ, ಹೈದರಾಬಾದಿನ ಬಸ್ಸು ಹತ್ತುತ್ತಾರೆ. ಹೊಲ ಮಾರಿದ ದುಡ್ಡು ಅಣ್ಣತಮ್ಮಂದಿರ ನಡುವೆ ಏನು ಮಾಡಿತು ಎಂಬುದನ್ನು ಇಲ್ಲಿಯ ಕನ್ನಡದಲ್ಲಿ ಬರೆದ ದೊಡ್ಡ ಕಾದಂಬರಿ ನನಗಿನ್ನೂ ಸಿಕ್ಕಿಲ್ಲ. ಹಳೆಯ ಗೌಡನನ್ನು ಮತ್ತೆ ಮತ್ತೆ ಕರೆತರುವ ಹೊಸ ಕತೆಗಾರರು ಅತ್ತ ಒಮ್ಮೆ ನೋಡಲಿ.

ಗೀತಾ ನಾಗಭೂಷಣರನ್ನು ಇನ್ನೂ ಓದದವರು ‘ಬದುಕು’ವಿನಿಂದಲೇ ಶುರುಮಾಡಿ. ‘ಹಸಿಮಾಂಸ ಮತ್ತು ಹದ್ದುಗಳು’ ಆಮೇಲೆ ಓದಿದರೂ ನಡೆದೀತು.