ಯಾವುದಕ್ಕೆ ಹೋಲಿಸಿ?

ಎಳೆಯ ಮಕ್ಕಳ ಕಣ್ಣಿಗೆ ಬರುವ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ. ಅದರ ಗಡ್ಡೆಯಲ್ಲಿ 899 ಪ್ರೋಟೀನುಗಳ ಪ್ರಮಾಣ ಏರುಪೇರಾಗಿದೆ. 402 ಏರಿವೆ, 497 ಇಳಿದಿವೆ. ಚೆನ್ನೈನ ಶಂಕರ ನೇತ್ರಾಲಯದ ಸಂಶೋಧಕರೂ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನವರೂ ಕೂಡಿ 2016ರಲ್ಲಿ ‘ಕ್ಲಿನಿಕಲ್ ಪ್ರೋಟಿಯೋಮಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟು. ಅಪರೂಪದ ಕಾಯಿಲೆ, ಸಿಗುವ ಮಾದರಿಗಳು ಬೆರಳೆಣಿಕೆ. ಅಂಥದ್ದರಲ್ಲಿ 3587 ಪ್ರೋಟೀನುಗಳನ್ನು ಗುರುತಿಸಿ ಅಳೆದಿದ್ದಾರೆ. ಶ್ರಮದ ಬಗ್ಗೆ ತಕರಾರಿಲ್ಲ. ಆದರೆ ಏರಿದೆ, ಇಳಿದಿದೆ ಅನ್ನುವಾಗ ಅದು ಯಾವುದಕ್ಕಿಂತ ಎಂದು ಕೇಳಲೇಬೇಕಾಗುತ್ತದೆ. ಪ್ರೋಟೀನುಗಳನ್ನು ಹೀಗೆ ಒಟ್ಟಾಗಿ ಅಳೆಯುವ ಪ್ರೋಟಿಯೋಮಿಕ್ಸ್ ಕ್ಷೇತ್ರದ ಬಹಳಷ್ಟು ಕೆಲಸವನ್ನು ತೂಗಲು ನನಗೆ ಸಾಕಾಗುವ ಪ್ರಶ್ನೆ ಅದೊಂದೇ.

ವಿಧಾನವನ್ನು ಚುಟುಕಾಗಿ ಹೇಳಿಬಿಡಬಹುದು. ಅಂಗಾಂಶವನ್ನು ಕರಗಿಸಿ, ಪ್ರೋಟೀನುಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸುತ್ತಾರೆ. ಆ ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ತೂಗುತ್ತದೆ. ಯಾವ ತುಂಡು ಯಾವ ಪ್ರೋಟೀನಿನದು ಎಂಬುದನ್ನು ಕಂಪ್ಯೂಟರ್ ದತ್ತಾಂಶದೊಡನೆ ತಾಳೆ ಹಾಕಿ ಊಹಿಸುತ್ತದೆ. ಹೌದು, ಊಹೆಯೇ, ಎಷ್ಟು ಪಾಲು ತಪ್ಪಿರಬಹುದೆಂಬ ಲೆಕ್ಕವೂ ಜೊತೆಗಿರುತ್ತದೆ. ಆ ಲೆಕ್ಕ ಕೈಕೊಟ್ಟರೆ ಏನಾಗುತ್ತದೆಂಬುದು 2014ರಲ್ಲೇ ಕಂಡಿತು. ಆ ವರ್ಷ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆ ಮಾನವ ಪ್ರೋಟಿಯೋಮ್‌ನ, ಅಂದರೆ ನಮ್ಮ ದೇಹದ ಒಟ್ಟು ಪ್ರೋಟೀನುಗಳ, ಎರಡು ಕರಡು ನಕ್ಷೆಗಳನ್ನು ಒಟ್ಟಿಗೆ ಪ್ರಕಟಿಸಿತು. ಒಂದು ಜರ್ಮನಿಯ ಮ್ಯೂನಿಕ್‌ನಿಂದ ಬಂದದ್ದು. ಇನ್ನೊಂದರಲ್ಲಿ ಜಾನ್ಸ್ ಹಾಪ್ಕಿನ್ಸ್ ಜೊತೆಗೆ ಇದೇ ಬೆಂಗಳೂರಿನ ಸಂಸ್ಥೆಯ ದೊಡ್ಡ ಪಾಲಿತ್ತು. ಈ ಎರಡನೆಯದು 30 ಬಗೆಯ ಆರೋಗ್ಯವಂತ ಮಾದರಿಗಳಿಂದ 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿತು. ಆ ಮಾದರಿಗಳಲ್ಲಿ ಪ್ಲೇಟ್‌ಲೆಟ್ಟೂ ಇತ್ತು, ರೆಟಿನಾವೂ ಇತ್ತು. ಕೆಲವೇ ತಿಂಗಳಲ್ಲಿ ಸ್ಪೇನ್‌ನ ವಿಜ್ಞಾನಿಗಳು ಒಂದು ತರಲೆ ಪರೀಕ್ಷೆ ಮಾಡಿದರು. ಎರಡೂ ತಂಡಗಳು ಮೂಗಿನ ಅಂಗಾಂಶವನ್ನು ಮುಟ್ಟಿರಲಿಲ್ಲ. ಆದರೂ ಪಟ್ಟಿಗಳಲ್ಲಿ ವಾಸನೆ ಹಿಡಿಯುವ ಗ್ರಾಹಕ ಪ್ರೋಟೀನುಗಳು ನೂರಕ್ಕಿಂತ ಹೆಚ್ಚು ಸಿಕ್ಕವು! ನಕ್ಷೆಗಳು ನಿಷ್ಪ್ರಯೋಜಕವೇನಲ್ಲ, ಇಂದಿಗೂ ಬಳಕೆಯಲ್ಲಿವೆ. ಆದರೆ ಪಟ್ಟಿಯ ಉದ್ದ ನೋಡಿ ಬೆರಗಾಗುವ ಚಾಳಿಗೆ ಅದು ಒಳ್ಳೆಯ ಮದ್ದಾಯಿತು.

ಪ್ರೋಟಿಯೋಮಿಕ್ಸ್ ನಿಜಕ್ಕೂ ಬೇಕೇಬೇಕೆನ್ನಿಸುವ ಜಾಗ ಪ್ಲೇಟ್‌ಲೆಟ್. ಡೆಂಗಿ ಹಬ್ಬಿದಾಗಲೆಲ್ಲ ನಮ್ಮಲ್ಲಿ ‘ಕೌಂಟ್ ಎಷ್ಟಿದೆ’ ಎಂಬ ವಿಚಾರಣೆ ಶುರುವಾಗುತ್ತದೆ, ಪಪ್ಪಾಯಿ ಎಲೆಯ ರಸದ ಸಲಹೆಯೂ ಹಿಂದೆಯೇ ಬರುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕೆಂಬುದು ಈಗ ಎಲ್ಲರ ಬಾಯಲ್ಲಿದೆ. ಎಣಿಕೆ ಗೊತ್ತು, ಒಳಗೇನಿದೆ ಎಂಬುದು ಬೇರೆ ಮಾತು. ಅಸ್ಥಿಮಜ್ಜೆಯ ದೈತ್ಯಕೋಶಗಳಿಂದ ಕಳಚಿ ಬರುವ ಈ ಚೂರಿಗೆ ನ್ಯೂಕ್ಲಿಯಸ್ ಇಲ್ಲ, ಆಯಸ್ಸು ಏಳರಿಂದ ಹತ್ತು ದಿನ. ಹೀಗಾಗಿ ಜೀನು ಓದಿ ಅದರ ಒಳಗನ್ನು ತಿಳಿಯಲು ಹೊರಟರೆ ದೂರ ಹೋಗಲಾಗದು, ಪ್ರೋಟೀನನ್ನೇ ಓದಬೇಕು.

ಜರ್ಮನಿಯ ಡಾರ್ಟ್‌ಮುಂಡ್ ತಂಡ 2012ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಇದನ್ನು ಮಾಡಿ ತೋರಿಸಿತು. ಸುಮಾರು 4000 ಪ್ರೋಟೀನುಗಳು ಸಿಕ್ಕವು. ಬಹುಪಾಲಿಗೆ ಒಂದು ಪ್ಲೇಟ್‌ಲೆಟ್‌ನಲ್ಲಿ ಎಷ್ಟೆಷ್ಟು ಪ್ರತಿ ಇರುತ್ತವೆ ಎಂಬ ಅಂದಾಜನ್ನೂ ಕೊಟ್ಟರು. ನಾಲ್ವರು ಆರೋಗ್ಯವಂತ ದಾನಿಗಳನ್ನು ಹೋಲಿಸಿದಾಗ ಶೇ. 85ರಷ್ಟು ಪ್ರೋಟೀನುಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನನಗೆ ಇಡೀ ಪ್ರಬಂಧದಲ್ಲಿ ಬೆಲೆಬಾಳುವ ಸಂಖ್ಯೆ ಈ 85. ಆರೋಗ್ಯವಂತರು ಪರಸ್ಪರ ಎಷ್ಟು ಬೇರೆ ಎಂಬುದು ಗೊತ್ತಿದ್ದರೆ ತಾನೇ ರೋಗಿ ಎಷ್ಟು ಬೇರೆ ಎಂದು ಹೇಳಲಾಗುವುದು?

ಪ್ಲೇಟ್‌ಲೆಟ್ ಕೆಲಸದವರಿಗೆ ಯಂತ್ರಕ್ಕಿಂತ ಮೊದಲಿನ ಹಂತದ್ದೇ ಭಯ. ತೋಳಿಗೆ ಪಟ್ಟಿ ಬಿಗಿಯಾಗಿ ಕಟ್ಟಿ ಬಹಳ ಹೊತ್ತು ಬಿಟ್ಟರೆ, ರಕ್ತವನ್ನು ರಭಸವಾಗಿ ಎಳೆದರೆ, ಪ್ಲೇಟ್‌ಲೆಟ್ ಗಾಯವಾಯಿತೆಂದು ತಿಳಿದು ತನ್ನ ಕಣಜಗಳನ್ನು ಹೊರಗೆ ಸುರಿದುಬಿಡುತ್ತದೆ. ಫ್ರಿಜ್‌ನಲ್ಲಿಟ್ಟರೆ ಆಕಾರವೇ ಬದಲಾಗುತ್ತದೆ; ರಕ್ತನಿಧಿಗಳಲ್ಲಿ ಇದರ ಚೀಲಗಳು 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡುವ ತಟ್ಟೆಗಳ ಮೇಲಿರುವುದು ಸುಮ್ಮನೆ ಅಲ್ಲ. ಮಾದರಿಯಲ್ಲಿ ಬಿಳಿ ರಕ್ತಕಣ ಒಂದಿಷ್ಟು ಉಳಿದರೂ ಪಟ್ಟಿ ಕೆಡುತ್ತದೆ, ಏಕೆಂದರೆ ಗಾತ್ರದಲ್ಲಿ ಅದೊಂದು ಹತ್ತಾರು ಪ್ಲೇಟ್‌ಲೆಟ್‌ಗಳಿಗೆ ಸಮ. ಸಾಲದ್ದಕ್ಕೆ ಪ್ಲೇಟ್‌ಲೆಟ್ ತಾನು ತಯಾರಿಸದ ಫೈಬ್ರಿನೋಜನ್ನನ್ನು ಪ್ಲಾಸ್ಮಾದಿಂದ ಹೀರಿ ಒಳಗೆ ತುಂಬಿಕೊಳ್ಳುತ್ತದೆ. ಸಿಕ್ಕ ಪ್ರೋಟೀನು ಸಿಕ್ಕ ಜಾಗದ್ದೇ ಆಗಬೇಕೆಂದಿಲ್ಲ.

ಈ ಎಚ್ಚರ ಇಟ್ಟುಕೊಂಡು 899ರ ಪ್ರಬಂಧಕ್ಕೆ ಮರಳೋಣ. ಐದು ಗಡ್ಡೆಗಳನ್ನು ಬೆರೆಸಿ ಒಂದು ಮಾದರಿ, ಐದು ಆರೋಗ್ಯವಂತ ರೆಟಿನಾಗಳನ್ನು ಬೆರೆಸಿ ಇನ್ನೊಂದು. ಬೆರೆಸಿದ ಮೇಲೆ ಮಗುವಿಂದ ಮಗುವಿಗೆ ಇರುವ ವ್ಯತ್ಯಾಸ ಕಾಣುವುದಿಲ್ಲ. ಡಾರ್ಟ್‌ಮುಂಡ್‌ನ 85ಕ್ಕೆ ಸಾಟಿಯಾದ ಸಂಖ್ಯೆ ಇಲ್ಲಿ ಹುಟ್ಟಲಾರದು. ಅದಕ್ಕಿಂತ ದೊಡ್ಡ ತೊಡಕು, ಹೋಲಿಕೆಗೆ ಬಳಸಿದ ರೆಟಿನಾ ವಯಸ್ಕರದು. ಈ ಗಡ್ಡೆಯೋ ರೆಟಿನಾದಲ್ಲಿ ಬೆಳಕು ಗ್ರಹಿಸುವ ಕೋನ್ ಕೋಶಗಳಾಗಿ ಬಲಿಯಬೇಕಿದ್ದ ಎಳೆಯ ಕೋಶಗಳಿಂದ ಹುಟ್ಟುತ್ತದೆಂದು ಇಂದಿನ ಸಂಶೋಧನೆ ಹೇಳುತ್ತದೆ. ಹಾಗಾದರೆ ಕಂಡ ವ್ಯತ್ಯಾಸ ಕ್ಯಾನ್ಸರಿನದೋ, ವಯಸ್ಸಿನದೋ? ಏರಿದವೆಂದು ಪ್ರಬಂಧ ಎತ್ತಿ ಹೇಳುವ ಐಜಿಎಫ್2ಬಿಪಿ1 ಭ್ರೂಣಾವಸ್ಥೆಯಲ್ಲಿ ಚುರುಕಾಗಿದ್ದು ದೊಡ್ಡವರ ಅಂಗಾಂಶಗಳಲ್ಲಿ ಬಹುಮಟ್ಟಿಗೆ ಅಡಗಿಹೋಗುವ ಪ್ರೋಟೀನು. ಇನ್ನೊಂದು, ಫೆಟುಯಿನ್ ಎ, ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಸುತ್ತಾಡುವಂಥದ್ದು. ಬೇರೆ 15 ಗಡ್ಡೆಗಳ ಸೀಳುಗಳಿಗೆ ಬಣ್ಣ ಹಚ್ಚಿ ಇವು ಇರುವುದನ್ನು ಖಚಿತಪಡಿಸಿದ್ದಾರೆ, ಅದು ಮೆಚ್ಚತಕ್ಕದ್ದೇ. ಆದರೆ ಬಣ್ಣ ಹೇಳುವುದು ಇದೆ ಎಂದಷ್ಟೇ, ಎಲ್ಲಿಂದ ಬಂತೆಂದಲ್ಲ. ಇಳಿದ 497ರ ಕಥೆ ಇನ್ನೂ ಸರಳವಿರಬಹುದು. ಬೆಳಕು ಗ್ರಹಿಸುವ ಇನ್ನೊಂದು ಬಗೆಯ ರಾಡ್ ಕೋಶಗಳಿಲ್ಲದ ಕಡೆ ಅವುಗಳ ಪ್ರೋಟೀನು ಕಡಿಮೆಯೆಂದೇ ಬರಬೇಕಲ್ಲ.

ಪುಟ್ಟ ಮಗುವಿನ ಆರೋಗ್ಯವಂತ ರೆಟಿನಾ ಎಲ್ಲಿಂದ ತರುವುದು ಎಂದು ಸಂಶೋಧಕರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕ್ಯಾನ್ಸರ್ ಕಣ್ಣಿನಿಂದ ಹೊರಗೆ ಹರಡೀತೆಂಬ ಹೆದರಿಕೆಯಿಂದ ಈ ಗಡ್ಡೆಗೆ ಸೂಜಿ ಚುಚ್ಚಿ ಬಯಾಪ್ಸಿ ಮಾಡುವುದಿಲ್ಲ. ಹಾಗಾಗಿ ಅಂಗಾಂಶ ಸಿಗುವುದು ಕಣ್ಣನ್ನೇ ತೆಗೆದಾಗ, ಅಂದರೆ ಬಹುಪಾಲು ಮುಂದುವರಿದ ಕಾಯಿಲೆಯಿಂದ. ಉಳಿಸಬಹುದಾದ ಕಣ್ಣಿನ ಬಗ್ಗೆ ಇಂಥ ಪಟ್ಟಿ ಮೌನ. ಕೆಟ್ಟಾಗ ಈ ಕ್ಯಾನ್ಸರಿಗೆ ಕಾರಣವಾಗುವ ಆರ್‌ಬಿ1 ಜೀನು ಕೈಗೆ ಸಿಕ್ಕಿದ್ದು 1986ರಲ್ಲಿ. ಕಾಯಿಲೆಯ ಮೂಲದ ಬಗ್ಗೆ ಜೀನು ಆಗಲೇ ಬಹಳಷ್ಟು ಹೇಳಿಯಾಗಿದೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂಬ ಪ್ರಶ್ನೆಗೆ ಪ್ರೋಟೀನು ಉತ್ತರ ಕೊಟ್ಟರೆ ಮಾತ್ರ ಅದಕ್ಕೆ ಇಲ್ಲಿ ಸ್ವಂತ ಕೆಲಸ.

ಅದಕ್ಕೊಂದು ದಾರಿ ತೆರೆದಿದೆ. ಕಣ್ಣೊಳಗೆ ಔಷಧಿ ಚುಚ್ಚುವಾಗ ಒತ್ತಡ ಇಳಿಸಲು ಮುಂಭಾಗದ ತಿಳಿನೀರನ್ನು ಒಂದಿಷ್ಟು ಹೊರತೆಗೆಯುವುದುಂಟು. ಆ ತಿಳಿನೀರಿನಲ್ಲಿ ಗಡ್ಡೆಯ ಡಿಎನ್‌ಎ ಸಿಗುತ್ತದೆಂದು ಲಾಸ್ ಏಂಜಲೀಸ್‌ನ ವೈದ್ಯರು 2017ರಲ್ಲಿ ತೋರಿಸಿದರು. ಪ್ರೋಟೀನುಗಳನ್ನೂ ಅಲ್ಲಿಯೇ, ಚಿಕಿತ್ಸೆಯ ಸುತ್ತು ಸುತ್ತಿಗೂ ಅಳೆದರೆ ವಯಸ್ಕರ ರೆಟಿನಾವೂ ಬೇಡ, ಬೆರಕೆಯೂ ಬೇಡ. ಒಂದೇ ಮಗುವಿನ ಒಂದೇ ಕಣ್ಣು, ಮೊದಲ ಚುಚ್ಚುಮದ್ದಿನ ದಿನ ಮತ್ತು ಅದರ ಮುಂದಿನ ಸರದಿಯ ದಿನ.