ಪರಪಕ್ಷ ಮತದಾನ: ಒಂದು ನೈತಿಕ ವಿಮರ್ಶೆ

ತನ್ನದಲ್ಲದ ಪಕ್ಷದ ಆಯ್ಕೆಯಲ್ಲಿ ಮತದಾರನು ಕೈಯಿಡುವುದು ಯುಕ್ತವೇ ಎಂಬುದು ಅಮೆರಿಕದಲ್ಲಿ ಹಳೆಯ ಜಿಜ್ಞಾಸೆ. ಪಕ್ಷದ ಅಭ್ಯರ್ಥಿಯನ್ನು ಗೊತ್ತುಮಾಡುವ ಪೂರ್ವಭಾವಿ ಚುನಾವಣೆಯನ್ನು ಅಲ್ಲಿನ ಕೆಲವು ರಾಜ್ಯಗಳು ಎಲ್ಲ ಮತದಾರರಿಗೂ ತೆರೆದಿಟ್ಟಿವೆ. ಎದುರು ಪಕ್ಷದ ದುರ್ಬಲನನ್ನೇ ಗೆಲ್ಲಿಸಿ ಆ ಪಕ್ಷವನ್ನು ಕೆಡಿಸಬೇಕೆಂಬ ಯೋಚನೆಗೆ ಇದರಿಂದ ಎಡೆಯಾಗುತ್ತದೆ. ಕ್ಯಾಲಿಫೋರ್ನಿಯದ ಇಂಥದೊಂದು ಪದ್ಧತಿಯನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯವು ೨೦೦೦ದಲ್ಲಿ ರದ್ದುಗೊಳಿಸಿತು. ಪಕ್ಷದ ಸಂಘಸ್ವಾತಂತ್ರ್ಯಕ್ಕೆ ಅದು ಭಂಗವೆಂದು ತೀರ್ಮಾನಿಸಿತು.

ನಮ್ಮಲ್ಲಿ ಅಂಥ ಚುನಾವಣೆಯಿಲ್ಲ. ಆದರೂ ೨೦೧೯ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಮುಂದೆ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ನಿಂತಿತು. ಕಾಂಗ್ರೆಸ್ಸು ಮೈತ್ರಿಯ ಒಪ್ಪಂದದಂತೆ ಕ್ಷೇತ್ರವನ್ನು ಜಾತ್ಯತೀತ ಜನತಾದಳಕ್ಕೆ ಬಿಟ್ಟುಕೊಟ್ಟಿತು; ದಳದಿಂದ ನಿಖಿಲ್ ಕುಮಾರಸ್ವಾಮಿ ನಿಂತರು. ಕಾಂಗ್ರೆಸ್ ಟಿಕೆಟ್ ಕೋರಿದ್ದ ಸುಮಲತಾ ಅಂಬರೀಷ್ ಪಕ್ಷೇತರರಾದರು; ಭಾರತೀಯ ಜನತಾ ಪಕ್ಷವು ತನ್ನವರನ್ನು ನಿಲ್ಲಿಸದೆ ಅವರನ್ನು ಬೆಂಬಲಿಸಿತು. ಮಂಡ್ಯ, ಮದ್ದೂರು, ಮಳವಳ್ಳಿಗಳೂ ಸೇರಿ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳನ್ನೂ ೨೦೧೮ರಲ್ಲಿ ಗೆದ್ದಿದ್ದುದು ದಳವೇ. ಮರುವರ್ಷ ಸುಮಲತಾ ೧,೨೫,೮೭೬ ಮತಗಳ ಅಂತರದಿಂದ ಗೆದ್ದರು. ಮತಗಳು ಪಕ್ಷದ ಗಡಿಯನ್ನು ದಾಟದೆ ಇದು ಸಾಧ್ಯವಿರಲಿಲ್ಲ.

ಹೀಗೆ ದಾಟಿದ ಕಾಂಗ್ರೆಸ್ಸಿಗರನ್ನು ಮೈತ್ರಿದ್ರೋಹಿಗಳೆನ್ನುವ ವಾದವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ದ್ರೋಹಕ್ಕೆ ಮೊದಲು ಮಾತು ಕೊಟ್ಟಿರಬೇಕು. ಒಪ್ಪಂದ ಮಾಡಿಕೊಂಡವರು ನಾಯಕರು; ಮದ್ದೂರಿನ ರೈತನನ್ನಾಗಲಿ ಮಳವಳ್ಳಿಯ ಕೂಲಿಯವಳನ್ನಾಗಲಿ ಯಾರೂ ಕೇಳಲಿಲ್ಲ. ೧೯೮೫ರ ಪಕ್ಷಾಂತರ ನಿಷೇಧವೂ ಶಾಸನಸಭೆಗಳ ಸದಸ್ಯರನ್ನು ಕಟ್ಟುತ್ತದೆಯೇ ಹೊರತು ಮತದಾರನನ್ನಲ್ಲ. ಅಭ್ಯರ್ಥಿಯ ಆಯ್ಕೆಯಲ್ಲಿ ಪಾಲು ಪಡೆಯದವನಿಗೆ ಮತಪೆಟ್ಟಿಗೆಯೊಂದೇ ಪೂರ್ವಭಾವಿ ಚುನಾವಣೆ.

ಆದರೆ ಪಕ್ಷದ ಪದವಿಯಲ್ಲಿದ್ದುಕೊಂಡೇ ಒಳಗಿಂದೊಳಗೆ ವಿರುದ್ಧ ಪ್ರಚಾರ ಮಾಡುವವನಿಗೆ ಈ ಸಮಾಧಾನ ಸಲ್ಲದು. ೧೯೩೮ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ಧ್ವಜವೇರಿಸಿದವರಿಗೆ ಪಕ್ಷವೆಂಬುದು ಬಹಿರಂಗವಾಗಿ ತೊಟ್ಟ ವ್ರತವಾಗಿತ್ತು. ವ್ರತವನ್ನು ಬಿಡಬಹುದು; ಬಿಟ್ಟೆನೆಂದು ಹೇಳಿ ಬಿಡಬೇಕು.

ಇನ್ನೊಂದು ಒರೆಗಲ್ಲು ಉದ್ದೇಶದ್ದು. ತಾನು ಬಯಸುವವರಿಗೆ ಮತವೀಯುವವನು, ಅವರು ಯಾವ ಪಕ್ಷದವರೇ ಆಗಲಿ, ಪ್ರಾಮಾಣಿಕ. ಬಯಸದವನನ್ನು ಪರರ ಕೇಡಿಗೆಂದು ಗೆಲ್ಲಿಸುವವನು ತನ್ನ ಮತವನ್ನೇ ಸುಳ್ಳಾಗಿಸುತ್ತಾನೆ. ಆ ಅಯೋಗ್ಯನು ನಾಳೆ ಗೆದ್ದರೆ ಆಳಿಸಿಕೊಳ್ಳುವವರಲ್ಲಿ ಅವನೂ ಒಬ್ಬ. ಮಂಡ್ಯದಲ್ಲಿ ಅದೇ ವರ್ಷ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಪಕ್ಷೇತರರು ಕಣದಲ್ಲಿದ್ದರು. ಸ್ಪರ್ಧಿಸುವುದು ಅವರ ಹಕ್ಕು. ಆದರೆ ಒಂದೇ ಹೆಸರು ನಾಲ್ಕು ಕಡೆ ಕಂಡಾಗ ಮತದಾರನ ಇಚ್ಛೆ ದಾರಿತಪ್ಪುವ ಭಯವುಂಟು. ಚುನಾವಣೆಯ ನೀತಿ ಕಾಯಬೇಕಾದುದು ಈ ಇಚ್ಛೆಯನ್ನು, ಪಕ್ಷಗಳ ಬೇಲಿಯನ್ನಲ್ಲ ಎಂಬುದು ನಮ್ಮ ಅಭಿಪ್ರಾಯ.